ಕೆಂಪಣ್ಣ ತಿರುಗಿ ನಡೆದದ್ದು

ಸುಳ್ಳು ಹೇಳಿದರೆ ಈ ಬಾಣಲೆಯ ಎಣ್ಣೆ ನನ್ನ ನಾಲಗೆಯ ಮೇಲೆ ಬೀಳಲಿ. ಇದೆಲ್ಲ ನಡೆದದ್ದು ಜಪಾನಿನ ಇದೇ ಗ್ಯೋಟೋಕುವಿನಲ್ಲಿ, ಅರ್ಧ ನೀವು ಕೂತಿರುವ ಮೇಜಿನ ಪಕ್ಕ, ಅರ್ಧ ಹೊಳೆದಂಡೆಯ ಆಟದ ಬಯಲಿನಲ್ಲಿ. ನಾನು ಸ್ವಲ್ಪ ಉಬ್ಬಿಸಿ ಹೇಳುವವನು ಎಂದು ಊರಲ್ಲೂ ಹೆಸರಿದೆ. ಇರಲಿ ಬಿಡಿ, ಪೂರಿಯನ್ನೂ ನಾನೇ ಉಬ್ಬಿಸುವುದು, ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಸಾರು ಆರುತ್ತಿದೆ, ಉಣ್ಣುತ್ತ ಕೇಳಿ.

"ಕುಣಿಸೋ ಬಿಳಿ ಕೋತಿ! ಗೆಸ್ಟ್ಸ್ ನೋಡ್ತಿದಾರೆ, ಇನ್ನೂ ಮೇಲಕ್ಕೆ ಹೊಡಿಯೋ!"

ಹೀಗೆ ಕೂಗಿದವನು ನಮ್ಮ ಸಾವ್ಕಾರ ವಿಶ್ವನಾಥ, ಈ ಹೋಟೆಲಿನ ಒಡೆಯ. ರಾಜ್ಯೋತ್ಸವದ ಊಟದ ದಿನ ಅದು. ಬೆಂಗಳೂರು, ಮೈಸೂರಿನಿಂದ ಇಲ್ಲಿಗೆ ಕೆಲಸಕ್ಕೆ ಬಂದ ಕಂಪ್ಯೂಟರ್ ಜನ ಹೆಂಡತಿ ಮಕ್ಕಳ ಸಮೇತ ಕೂತಿದ್ದರು. ಮೇಜುಗಳ ನಡುವೆ ನಿಂತು ಕಾಲ ಮೇಲೆ ಚೆಂಡು ಕುಣಿಸುತ್ತಿದ್ದವನು ಇಂಗ್ಲೆಂಡಿನ ಕ್ರೇಗ್ ಹೋಲ್ರಾಯ್ಡ್. ಮೈಮೇಲೆ ಟೀವಿಯಲ್ಲಿ ಬರುವ ದೊಡ್ಡ ತಂಡದ ಅಂಗಿ, ಮೊಣಕೈವರೆಗೆ ಸೋಪಿನ ನೊರೆ. ಯಾಕೆಂದರೆ ಅವನು ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು. ಬಿಸಿಲು ತಾಗಿದರೆ ಮುಖ ಟೊಮೆಟೊ ಆಗುತ್ತಿತ್ತು, ಅದಕ್ಕೆ ನಾನು ಅವನಿಗೆ ಕೆಂಪಣ್ಣ ಎಂದು ಹೆಸರಿಟ್ಟಿದ್ದೆ.

ಆ ದೊಡ್ಡ ತಂಡದ ಬಾಗಿಲನ್ನೂ ಕೆಂಪಣ್ಣ ಕಂಡವನಲ್ಲ. ಅವರ ದೇಶದಲ್ಲಿ ಮೇಲಿನಿಂದ ನಾಲ್ಕನೆಯ ದರ್ಜೆಯ ತಂಡಗಳಲ್ಲಿ ಎಡಗಡೆ ಕಾಯುವವನು. ವರ್ಷಕ್ಕೊಂದು ಊರು. ಬೇಸಿಗೆ ಬಂತೆಂದರೆ ಮ್ಯಾನೇಜರು ಕೈಕುಲುಕಿ ಹೊರಗೆ ಕಳಿಸುತ್ತಿದ್ದ, ಇವನು ಇನ್ನೊಂದು ತಂಡ ಕರೆಯುವವರೆಗೆ ಸಾಮಾನಿನ ವ್ಯಾನು ಓಡಿಸುತ್ತಿದ್ದ. ಬಯಲಿನಲ್ಲಿ ಕೆಸರು ಎಷ್ಟೆಂದರೆ ಒಮ್ಮೆ ಗೋಲ್‌ಕೀಪರ್ ಮುಳುಗಿಯೇ ಹೋಗಿ, ವಿರಾಮದಲ್ಲಿ ಕೂದಲು ಹಿಡಿದು ಎಳೆದರಂತೆ. ಕೆಸರು ಕೆಂಪಣ್ಣ ಹೇಳಿದ್ದು, ಕೂದಲು ನಾನು ಸೇರಿಸಿದ್ದು. ಮಂಡಿ ನೋಯುತ್ತದೆ ಎಂದರೆ ಸೂಜಿ ಚುಚ್ಚಿ, ಇದೊಂದು ಮ್ಯಾಚ್ ಆಡಿಬಿಡು ಎನ್ನುತ್ತಿದ್ದರು. ಪ್ರತಿ ವಾರವೂ ಅದೊಂದೇ ಮ್ಯಾಚು. ಕೊನೆಗೆ ಜಪಾನಿನ ಸಣ್ಣ ಊರೊಂದರ ಸಣ್ಣ ತಂಡ ಕರೆಸಿಕೊಂಡಿತು. ಸೀಸನ್ ಮುಗಿಯುವ ಮೊದಲೇ ಮಂಡಿ ಟಪ್ ಎಂದಿತು. ತಂಡದವರು ಸಾಲಾಗಿ ನಿಂತು, ಬಗ್ಗಿ ವಂದಿಸಿ, ಒಂದು ಡಬ್ಬಿ ಸಿಹಿ ಕೊಟ್ಟು ಬೀಳ್ಕೊಟ್ಟರು.

ಆಗ ಸಿಕ್ಕಿದವನು ನಮ್ಮ ಸಾವ್ಕಾರ. ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಕೋಚ್ ಎಂದು ಕರೆತಂದ. ಭಾನುವಾರ ಬೆಳಿಗ್ಗೆ ಕೋಚು, ಉಳಿದ ಹೊತ್ತೆಲ್ಲ ಸಿಂಕು. ಹೋಟೆಲಿನ ಮೇಲಿನ ಗೂಡಿನಲ್ಲಿ ನನ್ನ ಜೊತೆ ವಾಸ. ಕನ್ನಡ ಕಲಿತದ್ದೂ ನನ್ನಿಂದ, ಅದೂ ನಾನು ಒಲೆಯನ್ನು ಬೈಯುವ ಕನ್ನಡ.

ಹಾಗೆ ನೋಡಿದರೆ ನನಗೂ ಒಂದು ಸುಳ್ಳು ಅಂಗಿ ಇತ್ತು. ಆ ಗೋಡೆಯ ಫೋಟೋ ನೋಡಿ. ಹಣೆಗೆ ಗಂಧ, ಹೆಗಲ ಮೇಲೆ ಜನಿವಾರ, ಕೆಳಗೆ 'ನಂಜುಂಡ ಭಟ್ಟರ ಕೈರುಚಿ'. ನಾನು ನಂಜುಂಡಸ್ವಾಮಿ, ಮಳವಳ್ಳಿ ಕಡೆಯ ಹೊಲಗೇರಿಯವನು. ಫೋಟೋ ತೆಗೆಯುವ ದಿನ ಸಾವ್ಕಾರ ತಾನೇ ನನ್ನ ಕೊರಳಿಗೆ ದಾರ ಹಾಕಿದ. ಹಾಕಿ, ಕೈ ತೊಳೆದುಕೊಂಡ.

ಯಾಕೆ, ಕೈ ನಿಂತಿತು? ಉಣ್ಣಿ, ಉಣ್ಣಿ. ಇಷ್ಟು ದಿನ ದಕ್ಕಿದ ಸಾರು ಇವತ್ತೂ ದಕ್ಕುತ್ತದೆ.

ರಾಜ್ಯೋತ್ಸವದ ಊಟದಲ್ಲಿ ನೀರಜಾ ಎಂಬ ಗಿರಾಕಿ ನನ್ನನ್ನು ಹತ್ತಿರ ಕರೆದಳು. "ಭಟ್ರೇ, ನಿಮ್ಮ ಸಾರು ತಿಂದ್ರೆ ಥೇಟ್ ನಮ್ಮಜ್ಜಿ ಮಡೀಲಿ ಮಾಡಿದ ಹಾಗೇ ಇರುತ್ತೆ. ಆ ಫಾರಿನರ್ ಅನ್ನ ಗಿನ್ನ ಮುಟ್ಟಲ್ಲ ಅಲ್ವಾ? ಬೀಫ್ ತಿನ್ನೋ ಜನ, ಐ ಮೀನ್..."

"ಎಂತ ಮಾತು ಅಮ್ಮ, ಅದೆಲ್ಲ ಉಂಟಾ?" ಎಂದೆ, ಸಾವ್ಕಾರ ಕಲಿಸಿದ ಭಟ್ಟರ ಧಾಟಿಯಲ್ಲಿ. ಅವಳು ಇನ್ನೊಂದು ಸೌಟು ಹಾಕಿಸಿಕೊಂಡಳು.

ಅಷ್ಟರಲ್ಲಿ ಕೆಂಪಣ್ಣನ ಮಂಡಿ ಕುಸಿಯಿತು. ಚೆಂಡು ಛಾವಣಿಗೆ ಬಡಿದು, ಬುದ್ಧನ ಪಟವನ್ನು ಒಂದು ಸುತ್ತು ಹಾಕಿ, ಸೀದಾ ಪಾಯಸದ ಪಾತ್ರೆಗೆ ಬಿತ್ತು. ಎಲ್ಲರೂ ಹೋ ಎಂದು ನಕ್ಕರು. ಸಾವ್ಕಾರನೂ ನಗುತ್ತಲೇ ಬಂದು ಅವನ ಕಿವಿಯ ಹತ್ತಿರ ಹೇಳಿದ, "ನೆಲ ಒರೆಸು. ಬಟ್ಟೆ ಬೇಡ, ಮೈಮೇಲಿರೋ ಅಂಗಿ ಬಿಚ್ಚಿ ಒರೆಸು."

ಕೆಂಪಣ್ಣ ಅಷ್ಟು ಜನರ ಕಾಲ ನಡುವೆ ಬರಿಮೈಯಲ್ಲಿ ಕೂತು ಪಾಯಸ ಒರೆಸಿದ.

ಆಮೇಲೆ ಅಡುಗೆಮನೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕಾಲು ಚಾಚಿ ಕೂತು ಮೆಲ್ಲಗೆ ಹೇಳಿದ. "ನಂಜ, ಸೋಮ್ವಾರ ಹಮಾಮತ್ಸುಗೆ ಓಯ್ತೀನಿ. ಆ ಊರಾಗೊಂದು ಬೈಕ್ ಸಾಮಾನ್ ಮಾಡೋ ಫ್ಯಾಕ್ಟ್ರಿ. ಅವ್ರುದೇ ಟೀಮ್ ಐತೆ. ಬಂದು ಆಡಿ ತೋರ್ಸು ಅಂದವ್ರೆ."

"ಆಡಿ ತೋರ್ಸುದ್ರೆ?"

"ಕೆಲ್ಸ. ಬೂಟು. ಸ್ವಂತ ರೂಮು. ಈ ಬಡ್ಡೆತ್ತದ್ ಸಿಂಕು ಇರಾಕಿಲ್ಲ."

"ಮಂಡಿ ಏನಂತದೆ ಕಣಣ್ಣ?"

ಅವನು ಮಂಡಿಯನ್ನು ಮಗುವಿನ ತಲೆ ಸವರುವ ಹಾಗೆ ಸವರಿದ. "ಒಂದ್ ಆಟಕ್ಕೆ ಐತೆ ಇದ್ರಲ್ಲಿ. ಎಲ್ಡಕ್ಕಿಲ್ಲ."

ಬಾಗಿಲಲ್ಲಿ ಸಾವ್ಕಾರ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಆ ಒಂದಾಟ ಭಾನುವಾರ ನನಗೆ ಆಡು," ಎಂದ. "ನಮ್ಮ ಕನ್ನಡದವರ ಫುಟ್‌ಬಾಲ್ ಕಪ್. ಮಿನಾಟೋ ಕಂಪನಿಯವರು ನೋಡೋಕೆ ಬರ್ತಾರೆ. ಅವರ ಕ್ಯಾಂಟೀನ್ ಕಾಂಟ್ರಾಕ್ಟ್ ನನಗೆ ಬೇಕು. ನಾನು ಕ್ಯಾಪ್ಟನ್, ನೀನು ಡಿಫೆನ್ಸ್."

"ಆಗಾಕಿಲ್ಲ ಕಣ್ಲಾ," ಎಂದ ಕೆಂಪಣ್ಣ.

ಸಾವ್ಕಾರನ ಕಣ್ಣು ನನ್ನ ಕಡೆ ತಿರುಗಿತು. ಆ ಕನ್ನಡ ಯಾರದೆಂದು ಅವನಿಗೆ ಗೊತ್ತು. "ಓಹೋ. ಸರಿ, ಆಡಬೇಡ. ಈಗಲೇ ರೂಮ್ ಖಾಲಿ ಮಾಡು. ನಿನ್ನ ವೀಸಾ ನಿಂತಿರೋದು ನನ್ನ ಸೀಲ್ ಮೇಲೆ. ಒಂದು ಫೋನ್ ಹೊಡೆದ್ರೆ ಸೋಮವಾರ ನೀನು ಹಮಾಮತ್ಸು ಅಲ್ಲ, ಏರ್‌ಪೋರ್ಟಲ್ಲಿರ್ತೀಯ. ಪಕ್ಕದ ಸೀಟಲ್ಲಿ ಈ ಭಟ್ಟ."

"ಸಾ, ಅವ್ನ ಕಾಲು ನೋಡಿ ಸಾ..."

"ನೀನು ಮುಚ್ಕೊಂಡು ಸೌಟು ಹಿಡಿ, ಹೊಲೆಯ. ಗೋಲ್‌ಕೀಪರ್ ಇಲ್ಲ ನಮಗೆ. ನೀನೂ ಬಾ."

ಭಾನುವಾರ ಹೊಳೆದಂಡೆಯಲ್ಲಿ ಗಾಳಿ ಎಂದರೆ ಗಾಳಿ. ದಂಡೆಯ ಮೇಲೆ ನೀಲಿ ಟಾರ್ಪಾಲು ಹಾಸಿ ಸಂಸಾರಗಳು ಕೂತಿದ್ದವು. ಮಿನಾಟೋದವರಿಗೆ ಮಾತ್ರ ಕುರ್ಚಿ. ನಾನು ಒಲೆಯ ಮುಂದೆ ಹಾಕುವ ದಪ್ಪ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತೆ. ಎದುರು ತಂಡದ ಮೊದಲ ಹೊಡೆತ ನನ್ನ ಹೊಟ್ಟೆಗೆ ಬಡಿದು, ಬಂದ ಜೋರಿನಲ್ಲೇ ಹಿಂದಕ್ಕೆ ಹೋಗಿ ಅವರ ಗೋಲಿನ ಕಂಬಕ್ಕೆ ತಾಗಿತು. ಕಂಬದಲ್ಲಿ ಇವತ್ತಿಗೂ ತಗ್ಗು ಇದೆ, ಹೋಗಿ ನೋಡಬಹುದು. ಹೇಗೋ ಅವರದೊಂದು ಗೋಲು, ನಮ್ಮದೊಂದು ಗೋಲು ಆಯಿತು. ಕೆಂಪಣ್ಣ ಎಡಗಡೆಯಲ್ಲಿ ಕೊಕ್ಕರೆಯ ಹಾಗೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಓಡುತ್ತಿರಲಿಲ್ಲ. ಚೆಂಡು ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದ. ಮಂಡಿಯನ್ನು ನಾಳೆಗೆ ಉಳಿಸುತ್ತಿದ್ದ.

ಆಟ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಎದುರು ತಂಡದ ನಿತೀಶ್ ಎಂಬ ಹುಡುಗ, ಸಾಫ್ಟ್‌ವೇರಿನವನು, ಕಾಲು ಉಳುಕಿ ಅಮ್ಮಾ ಎಂದು ಬಿದ್ದ. ಚೆಂಡು ಕೆಂಪಣ್ಣನ ಕಾಲಲ್ಲಿತ್ತು, ಮುಂದೆ ಯಾರೂ ಇರಲಿಲ್ಲ. ಕೆಂಪಣ್ಣ ತಲೆ ಎತ್ತಿ ಬಿದ್ದವನನ್ನು ನೋಡಿದ. ಚೆಂಡನ್ನು ಗೆರೆಯಾಚೆಗೆ ಒದ್ದ. ಅವರ ಕಸುಬಿನಲ್ಲಿ ಹಾಗಂತೆ. ಯಾರಿಗಾದರೂ ಪೆಟ್ಟಾದರೆ ಚೆಂಡನ್ನು ಹೊರಗೆ ಒದೆಯುತ್ತಾರೆ. ಅವನು ಎದ್ದ ಮೇಲೆ ಎದುರಿನವರು ಚೆಂಡನ್ನು ತಿರುಗಿ ಕೊಡುತ್ತಾರೆ, ಕೊಡುವಾಗ ಯಾರೂ ಮೇಲೆ ಬೀಳುವುದಿಲ್ಲ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ನಡೆಸುತ್ತಾರೆ.

ಸಾವ್ಕಾರ ಹೊಟ್ಟೆ ಕುಲುಕಿಸುತ್ತ ಓಡಿಬಂದ. "ಹುಚ್ಚ್ ನನ್ಮಗನೇ! ಗೋಲು ಖಾಲಿ ಇತ್ತಲ್ಲೋ!"

"ಮನ್ಸ ಬಿದ್ದವ್ನೆ," ಎಂದ ಕೆಂಪಣ್ಣ.

"ಬಿದ್ರೆ ನಿಂಗೇನೋ? ಅವನು ನಿನಗೆ ಅನ್ನ ಹಾಕ್ತಾನಾ? ನಾನು ಹಾಕೋದು!" ಎಂದವನೇ ಬೂಟುಗಾಲಿನಿಂದ ಅವನ ಮಂಡಿಗೆ ಒದ್ದ. "ಇದೇ ತಾನೆ ನಿನ್ನ ಹಮಾಮತ್ಸು?"

ಆ ಶಬ್ದ ಗ್ಯೋಟೋಕು ಸ್ಟೇಷನ್ನಿಗೂ ಕೇಳಿಸಿತು. ರೆಫರಿ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ನಿತೀಶನ ಕಾಲು ನೋಡುತ್ತ ಆಚೆ ಮುಖ ಮಾಡಿ ಬಗ್ಗಿದ್ದರು, ಕಾಣಲಿಲ್ಲ. ದಂಡೆಯ ಮೇಲಿದ್ದವರಿಗೆ ಕಂಡಿತು. ಅವರೆಲ್ಲ ಒಮ್ಮೆಲೇ ತಲೆ ತಗ್ಗಿಸಿ ಮಕ್ಕಳಿಗೆ ಕಿತ್ತಳೆ ಸುಲಿಯತೊಡಗಿದರು.

ಕೆಂಪಣ್ಣ ಬೀಳಲಿಲ್ಲ. ಹಲ್ಲು ಕಚ್ಚಿ ನಿಂತ.

ನಿತೀಶ ಕುಂಟುತ್ತ ಎದ್ದು, "ಸಾರಿ ಬ್ರೋ, ಅರಿಗಾತೋ" ಎಂದು ಜಪಾನಿ ಬೆರೆಸಿ ಥ್ಯಾಂಕ್ಸ್ ಹೇಳಿದ. ಮೊರಿತಾ ಸಾನ್ ಕೈ ತೋರಿಸಿ ಪದ್ಧತಿ ಹೇಳಿಕೊಟ್ಟರು. ನಿತೀಶನೇ ಗೆರೆಯ ಹೊರಗಿನಿಂದ ಚೆಂಡನ್ನು ಕೆಂಪಣ್ಣನ ಕಾಲಿಗೆ ಮೆಲ್ಲಗೆ ಎಸೆದ. ಅವನ ತಂಡದವರೆಲ್ಲ ಕೈ ಕಟ್ಟಿ, ಇದ್ದಲ್ಲೇ ನಿಂತರು.

"ಎಲ್ಲ ನಿಂತಿದಾರೆ! ಈಗ್ಲೇ ನುಗ್ಗೋ! ಹೊಡಿ!" ಸಾವ್ಕಾರ ಕಿರುಚಿದ.

ಕೆಂಪಣ್ಣ ತಿರುಗಿದ. ಬೆನ್ನು ಆ ಕಡೆಗೆ, ಮುಖ ನನ್ನ ಕಡೆಗೆ. ಚೆಂಡನ್ನು ಮುಂದೆ ತಳ್ಳುತ್ತ, ಕಾಲೆಳೆಯುತ್ತ, ನಮ್ಮದೇ ಗೋಲಿನ ಕಡೆ ನಡೆಯತೊಡಗಿದ. ಎಮ್ಮೆ ಹೊಡೆದುಕೊಂಡು ಮನೆಗೆ ಬರುವವನ ಹಾಗೆ, ನಿಧಾನವಾಗಿ. ಎದುರಿನವರು ಮೊದಲೇ ನಿಂತಿದ್ದರು, ನಮ್ಮವರು ಬಾಯಿ ತೆರೆದು ನಿಂತರು. ಬಯಲಿನಲ್ಲಿ ಓಡುತ್ತಿದ್ದವನು ಸಾವ್ಕಾರ ಒಬ್ಬನೇ. ಅವನೂ ಜಾರಿ ಮುಗ್ಗರಿಸಿದ.

"ಭಟ್ಟಾ! ಹಿಡಿಯೋ! ಅಡ್ಡ ಬೀಳೋ ಬೋಳಿಮಗನೇ!"

ಕೆಂಪಣ್ಣ ನನ್ನ ಮುಂದೆ ಬಂದು ನಿಂತ. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. "ನಂಜ, ದಾರಿ ಬಿಡ್ಲಾ."

ಏರ್‌ಪೋರ್ಟು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಊರಿನಲ್ಲಿ ನನ್ನ ಕೈ ಕಾಯುವ ಬಾಯಿಗಳೂ ನೆನಪಾದವು. "ಬಾ ಕಣಣ್ಣ," ಎಂದು ಕಂಬದ ಪಕ್ಕಕ್ಕೆ ಸರಿದು ನಿಂತೆ.

ಒದೆ ತಿಂದ ಕಾಲಿನಿಂದಲೇ ಚೆಂಡನ್ನು ಒಳಗೆ ತಳ್ಳಿದ. ಮಂಡಿಯಲ್ಲಿ ಉಳಿದದ್ದು ಅಷ್ಟೇ ಇದ್ದಿರಬೇಕು, ಬಲೆ ಹಿಡಿದುಕೊಂಡು ಕುಸಿದ. ದೊಡ್ಡ ತಂಡದ ಅಂಗಿಯನ್ನು ತಲೆಯ ಮೇಲಿಂದ ಎಳೆದು, ಹರಿದು, ಮಂಡಿಗೆ ಬಿಗಿದು ಕಟ್ಟಿದ. ನನಗೂ ಸೆಖೆ ಆಯಿತು. ಗವಸು ಕಳಚಿ, ಫೋಟೋದ ದಿನದಿಂದ ಅಂಗಿಯೊಳಗೇ ಇದ್ದ ಜನಿವಾರ ತೆಗೆದು, ಗೋಲಿನ ಬಲೆ ಸಿಕ್ಕಿಸುವ ಕೊಕ್ಕೆಗೆ ನೇತುಹಾಕಿದೆ. ಗಾಳಿಗೆ ಚೆನ್ನಾಗಿ ಆಡಿತು.

ಆಟ ಮುಗಿಯಿತು, ಅವರದೆರಡು, ನಮ್ಮದೊಂದು. ಇಲ್ಲಿ ಸೋತವರೂ ಸಾಲಾಗಿ ನಿಂತು ಗೆದ್ದವರಿಗೆ ಬಗ್ಗಬೇಕು. ಮೊರಿತಾ ಸಾನ್ ಬಿಡಲಿಲ್ಲ. ಸಾವ್ಕಾರ ನಮ್ಮಿಬ್ಬರ ನಡುವೆ ನಿಂತು, ಮಿನಾಟೋದವರ ಮುಂದೆ, ಸೊಂಟ ಮುರಿದು ಬಗ್ಗಿದ.

ಮಾರನೆಯ ದಿನ ಬೆಳಿಗ್ಗೆ ಮಂಡಿ ಹಲಸಿನ ಹಣ್ಣಾಗಿತ್ತು. ಫ್ರೀಜರಿನ ಬಟಾಣಿ ಚೀಲ ಕಟ್ಟಿ ರೈಲು ಹತ್ತಿಸಿದೆ. ಸಂಜೆ ಫೋನಿಗೆ ಒಂದು ಫೋಟೋ ಬಂತು. ಬರೀ ಮಂಡಿ, ಅದರ ಮೇಲೆ ಮಂಜುಗಡ್ಡೆ, ಹಿಂದೆ ಬಿಳಿ ಗೋಡೆ. ಆಸ್ಪತ್ರೆಯೋ ಆಟಗಾರರು ಬಟ್ಟೆ ಬದಲಿಸುವ ಕೋಣೆಯೋ ತಿಳಿಯುವುದಿಲ್ಲ. ಆಮೇಲೆ ಸುದ್ದಿಯಿಲ್ಲ. ಸಾವ್ಕಾರ ಆ ಫೋನು ಹೊಡೆದನೋ ಇಲ್ಲವೋ, ಅದೂ ಗೊತ್ತಿಲ್ಲ.

ನನ್ನನ್ನು ಓಡಿಸಲಿಲ್ಲ. ಓಡಿಸಿದರೆ ಯಾಕೆಂದು ಹೇಳಬೇಕಲ್ಲ. ಭಟ್ಟರು ಬೆವರು ತಾಗಿ ಮೈಲಿಗೆ ಆಗದಿರಲಿ ಎಂದು ದಾರ ತೆಗೆದಿಟ್ಟರು ಎಂದು ಊರೆಲ್ಲ ಹೇಳಿಕೊಂಡು ಬಂದ. ನೀರಜಮ್ಮ ಕೈ ಮುಗಿದಳಂತೆ. ಇವತ್ತು ಅವನು ಮಿನಾಟೋಗೆ ಹೋಗಿದ್ದಾನೆ, ಮತ್ತೆ ಅದೇ ಕ್ಯಾಂಟೀನ್ ಕೇಳಲು. ಅದಕ್ಕೇ ನನ್ನ ಬಾಯಿ ಬಿಚ್ಚಿಕೊಂಡಿದೆ.

ತಟ್ಟೆ ಖಾಲಿಯಾಯಿತಲ್ಲ? ಸಂತೋಷ. ಕಥೆಗೆ ನಾನು ಏನೂ ಕೇಳುವುದಿಲ್ಲ. ಸಿಂಕಿನ ಮುಂದೆ ಮಾತ್ರ ಆವತ್ತಿನಿಂದ ಯಾರೂ ಇಲ್ಲ. ಕೆಂಪಣ್ಣನ ಏಪ್ರನ್ ಅಗೋ ಆ ಮೊಳೆಯಲ್ಲಿದೆ, ನಿಮ್ಮ ಅಳತೆಗೆ ಆಗುತ್ತದೆ. ತೋಳು ಮಡಿಸಿಕೊಳ್ಳಿ. ಮೊದಲು ನಿಮ್ಮ ತಟ್ಟೆ, ಆಮೇಲೆ ಅದರ ಪಕ್ಕದಲ್ಲಿರುವುದು. ಅದು ನಾನು ಉಂಡದ್ದು.