ಮೈಲಾರನ ವಾರ ಹಿಡಿದ ಫಿಟ್ಟರ

ಮಡಿವಾಳಪ್ಪ ಸಾವುಕಾರರ ಎಣ್ಣೆ ಗಿರಣಿಗೆ ಸೋಮವಾರ ಸೂಟಿ. ಸೋಮವಾರ ದೇವರ ವಾರವೆಂದು ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಗಾಡಿ ಬರದಿದ್ದರೆ ಶೇಂಗಾ ಬರುವುದಿಲ್ಲ, ಶೇಂಗಾ ಬರದಿದ್ದರೆ ಗಿರಣಿ ತಿರುಗಿಸಿ ಯಾರ ಎಣ್ಣೆ ತೆಗೆಯಬೇಕು? ಹುಬ್ಬಳ್ಳಿಯಲ್ಲಿ ಇದನ್ನು ಯಾಕೆ ಎಂದು ಕೇಳಿದವರಿಲ್ಲ. ಪೇಚಿಗೆ ಸಿಕ್ಕವನು ಸಮಾಧಾನಪ್ಪ ಒಬ್ಬನೇ. ಅವನು ಕ್ರಿಸ್ತಾನರವನು, ಅವನ ದೇವರ ದಿನ ರವಿವಾರ.

೧೯೩೪ರಲ್ಲಿ ಬೆಟಗೇರಿಯಿಂದ ಬಂದು ಇಂಜಿನ್ ಫಿಟ್ಟರನಾಗಿ ಸೇರಿದಾಗ ಸಾವುಕಾರರು ಜಾತಿ ಕೇಳಲಿಲ್ಲ, ಇವನು ಹೇಳಲಿಲ್ಲ. ಎರಡನೇ ವಾರ ತಲೆ ಕೆರೆದುಕೊಳ್ಳುತ್ತ ಅವರೆದುರು ಹೋಗಿ ನಿಂತ.

"ರವಿವಾರ ಮುಂಜಾನೆ ಎರಡು ತಾಸು ದೇವರ ಕೆಲಸ ಇರ್ತೈತ್ರಿ."

"ಹೌದೇನು? ಮೈಲಾರಲಿಂಗನ ವಾರ ಹಿಡದೀಯೇನು?" ಎಂದರು ಸಾವುಕಾರರು. ರವಿವಾರ ಮೈಲಾರನ ವಾರ, ನೇಮ ಹಿಡಿದವರು ಅಂದು ಅವನ ಗುಡಿಗೆ ಹೋಗುತ್ತಾರೆ ಎಂಬುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು.

ಅಲ್ಲ ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಮಹಾರಾಯ ನೆಲ ನೋಡುತ್ತ ನಿಂತುಬಿಟ್ಟ. ಸಾವುಕಾರರು ಖುಷಿಯಿಂದ ಹೋಗಿ ಬಾ ಎಂದರು.

ಬಾಯ್ಲರ್ ನೋಡಿಕೊಳ್ಳುವ ಮಕಬೂಲಸಾಬನಿಗೆ ಮಾತ್ರ ಗುಟ್ಟು ತಿಳಿದಿತ್ತು. ಅವನು ಶುಕ್ರವಾರ ಎಲ್ಲರೆದುರೇ ಟೊಪ್ಪಿಗೆ ಹಾಕಿಕೊಂಡು ನಮಾಜಿಗೆ ಹೋಗುತ್ತಿದ್ದ.

"ನಾ ಹೇಳೇ ಹೋಗ್ತೇನಿ. ನಿನಗ್ಯಾಕೋ ಇಷ್ಟು ಅಂಜಿಕಿ?"

"ನೀವು ಮೊದಲಿಂದ ಹಂಗ ಇದ್ದವರ್ರಿ. ನಮ್ಮಪ್ಪ ನಡುವ ಕಿರಿಸ್ತಾನರಾಗ ಹೋಗಿ ಸೇರಿದಾಂವ. ಗೊತ್ತಾದ್ರ ನೀರಿನ ಕೊಡಾ ಮುಟ್ಟಗೊಡೂದಿಲ್ಲ."

"ನನಗೂ ನೀರು ಮ್ಯಾಲಿಂದನ ಹಾಕ್ತಾರ. ಕುಡದು ಬದುಕಿಲ್ಲೇನು ನಾ?" ಎಂದು ಮಕಬೂಲಸಾಬ ನಕ್ಕ.

ಹೀಗೇ ಒಂದು ವರ್ಷ ಸಾಗಿಹೋಯಿತು. ಆಮೇಲೆ ನಡುವೆ ಬಂದವಳು ಸಾವುಕಾರರ ತಾಯಿ ಶಿವಲಿಂಗವ್ವ. ಎರಡು ವರ್ಷ ತುಂಬಿದರೂ ಆಕೆಯ ಮೊಮ್ಮಗ ಎದ್ದು ನಿಂತಿರಲಿಲ್ಲ. ಒಂದು ಶನಿವಾರ ಸಂಜೆ ಆಕೆ ಗಿರಣಿಗೇ ಬಂದು ಸಮಾಧಾನಪ್ಪನ ಕೈಗೆ ತೆಂಗಿನಕಾಯಿ, ಮೈಲಾರನಿಗೆ ಏರಿಸುವ ಅರಿಷಿಣ ಭಂಡಾರದ ಪೊಟ್ಟಣ ಇಟ್ಟಳು.

"ನೀ ನೇಮದಾಂವ. ನಾಳೆ ಗುಡಿಗೆ ಹೋದಾಗ ನಮ್ಮ ಕೂಸಿನ ಸಲುವಾಗಿ ಇದನ್ನೊಂದು ಒಡಸ್ಕೊಂಡು ಬಾರಪಾ."

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಆ ಕಾಯಿ ಅವನ ಮನೆಯಲ್ಲಿ ಚಟ್ನಿಯಾಯಿತು. ಮುಂದಿನ ವಾರದ್ದೂ ಚಟ್ನಿಯಾಯಿತು. ಮೂರನೆಯದನ್ನು ತಂದಾಗ ಹೆಂಡತಿ ರಾಹೇಲ ರೇಗಿದಳು.

"ಯಾರೋ ಕೂಸಿನ ಸಂಕಟದಾಗ ಕೊಟ್ಟ ಕಾಯಿ. ನನ್ನ ಒಲಿ ಮುಂದ ತರಬ್ಯಾಡ್ರಿ."

ಅಂದಿನಿಂದ ಕಾಯಿಗಳು ಮಲಗುವ ಹೊರಸಿನ ಕೆಳಗೆ ಸೇರಿದವು. ಹೀಗೆ ಒಟ್ಟು ಎಂಟು ವಾರ ಕಳೆದವು.

ಮಹಾನವಮಿ ಬಂತು. ಗಿರಣಿಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ. ಇಂಜಿನ್ನಿಗೆ ಚೆಂಡುಹೂವಿನ ಮಾಲೆ, ನಟ್ಟು ತಿರುಗಿಸುವ ಪಾನಾ, ಸುತ್ತಿಗೆಗಳಿಗೂ ವಿಭೂತಿ. ಹಳೆಯ ಮೇಸ್ತ್ರಿ ಕೆಲಸ ಬಿಟ್ಟು ತಿಂಗಳಾಗಿತ್ತು, ಆ ಜಾಗ ತನಗೆ ಸಿಕ್ಕೀತೆಂದು ಸಮಾಧಾನಪ್ಪ ಆಸೆಪಟ್ಟುಕೊಂಡಿದ್ದ. ಸಿಕ್ಕೂ ಬಿಟ್ಟಿತು. ಸಾವುಕಾರರು ಎಲ್ಲರ ಮುಂದೆ ಅವನ ಕೈಗೆ ಕಾಯಿ ಕೊಟ್ಟರು.

"ನೇಮದವನ ಕೈಲೇ ಪೂಜಿ ಆಗ್ಲಿ. ಇವತ್ತಿಂದ ಮೇಸ್ತ್ರಿ ನೀನ. ಒಡಿ."

ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ, ಸುಮ್ಮನಿದ್ದೇನೆ ಅಷ್ಟೇ, ಎಂದು ಇಷ್ಟು ದಿನ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಬಂದಿದ್ದ. ಈಗ ಕೈಯಾರೆ ಮಾಡುವ ಪ್ರಸಂಗ ಬಂತು. ಕಾಯಿ ಹಿಡಿದ ಕೈ ಮೇಲೇಳಲಿಲ್ಲ.

"ಸಾವುಕಾರ್ರ, ನಾ ಮೈಲಾರನ ವಾರ ಹಿಡದಾಂವ ಅಲ್ರಿ. ನಾ ಕಿರಿಸ್ತಾನರಾಂವ. ರವಿವಾರ ಚರ್ಚಿಗೆ ಹೋಗ್ತೇನಿ. ಅವ್ವಾರು ಕೊಟ್ಟ ಕಾಯಿ ಎರಡು ಚಟ್ನಿ ಆದುವು. ಆರು ಮನ್ಯಾಗ ಅದಾವ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾವುಕಾರರು ನಗಲಿಲ್ಲ.

"ಮಕಬೂಲ ಹೇಳಿ ಹೋಗ್ತಾನ. ಒಂದು ದಿನಾನರ ಬ್ಯಾಡ ಅಂದೇನೇನು? ನಿನಗೂ ಬಿಡ್ತಿದ್ದೆ. ನಮ್ಮವ್ವನ ಜೋಡಿ ಆಟಾ ಆಡಿದೆಲ್ಲೋ!"

ಅವನ ಕೈಯಿಂದ ಕಾಯಿ ಇಸಿದುಕೊಂಡು ಪಕ್ಕದಲ್ಲಿದ್ದ ಇನ್ನೊಬ್ಬ ಫಿಟ್ಟರ ಶಿದ್ದಪ್ಪನ ಕೈಗೆ ಕೊಟ್ಟರು. ಅದರ ಸಂಗಡ ಮೇಸ್ತ್ರಿ ಕೆಲಸವೂ ಶಿದ್ದಪ್ಪನಿಗೆ ಹೋಯಿತು. "ನೀ ಫಿಟ್ಟರ ಇರು. ರವಿವಾರ ಹೋಗ್ತಿದ್ರ ಹೋಗು," ಎಂದಷ್ಟೇ ಹೇಳಿ ಸಾವುಕಾರರು ಮುಖ ತಿರುಗಿಸಿದರು.

ಶಿವಲಿಂಗವ್ವ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿದ್ದಳು. ಹತ್ತಿರ ಬಂದು ಅವನ ಮುಖವನ್ನೇ ನೋಡಿದಳು.

"ಆತು. ನಿಮ್ಮ ದೇವರ ಮುಂದರ ನಮ್ಮ ಕೂಸಿನ ಸಲುವಾಗಿ ಬೇಡಿಕೊಂಡೀಯೇನು?"

ಹೂಂ ಅಂದಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಸುಳ್ಳೆಂದು ಹಿಡಿಯುವವರು ಯಾರೂ ಇರಲಿಲ್ಲ. ಆದರೆ ಚರ್ಚಿನಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಅವನು ಬೇಡಿಕೊಂಡದ್ದು ಈ ಗುಟ್ಟು ರಟ್ಟಾಗದಿರಲಿ ಎಂದು, ಅಷ್ಟೇ.

"ಇಲ್ರೀ ಅವ್ವಾರ," ಎಂದ.

ಆಕೆ ಶಾಪ ಹಾಕಿದ್ದರೆ ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಆಕೆ ಸೆರಗು ಸರಿಮಾಡಿಕೊಂಡಳು.

"ಹಂಗಾರ ಬರೋ ರವಿವಾರ ಬೇಡ್ಕೊ. ಗುರುಶಾಂತ ಅಂತ ಕೂಸಿನ ಹೆಸರು."

ಎಂಟು ವಾರ ಆಕೆಯ ಕೈಯಿಂದ ಕಾಯಿ ಇಸಿದುಕೊಂಡ ಸಮಾಧಾನಪ್ಪ ಕೂಸಿನ ಹೆಸರೇನೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.