ಗೆರೆಯ ಹೊರಗಿನ ಚುಕ್ಕೆ

ಟೌ ಎಂಬ ಕಣದ ಆಯುಷ್ಯ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಸಾಯುವಾಗ ಬೇರೆ ಕಣಗಳಾಗಿ ಒಡೆಯುತ್ತದೆ, ಆದರೆ ತನ್ನ ಕುಲದ ಗುರುತಾಗಿ ಒಂದು ನ್ಯೂಟ್ರಿನೋವನ್ನು ಬಿಟ್ಟೇ ಹೋಗುತ್ತದೆ. ಆ ಗುರುತು ಬಿಡದೆ ಬರೀ ಮೂರು ಮ್ಯೂಯಾನ್ ಕಣಗಳಾಗಿ ಒಡೆದದ್ದನ್ನು ಯಾರೂ ಕಂಡಿಲ್ಲ. ಕಂಡರೆ ನಾವು ಓದಿದ ಭೌತಶಾಸ್ತ್ರವನ್ನೇ ತಿದ್ದಿ ಬರೆಯಬೇಕು. ಕಣಕುಂಬಿಯಲ್ಲಿ ಎಮ್ಮೆ ಕಾಯುವವರ ಮಗಳು ನಾನು, ಪೂನಮ. ಅನಗೋಳದ ಬಾಡಿಗೆ ಮಹಡಿಯಲ್ಲಿ ಕೂತು, ಜಪಾನಿನ ಯಂತ್ರವೊಂದರಲ್ಲಿ ಹುಟ್ಟಿ ಸತ್ತ ಕೋಟಿಗಟ್ಟಲೆ ಟೌಗಳಲ್ಲಿ ಅಂಥದೊಂದನ್ನು ಐದು ವರ್ಷ ಹುಡುಕಿದೆ.

"ಕಳದದ್ದನ್ನ ಹುಡುಕೋರ್ನ ನೋಡೇನಿ, ಇಲ್ಲದ್ದನ್ನ ಹುಡುಕಾಕಿ ನೀನೊಬ್ಬಾಕಿನ ನೋಡವಾ," ಎನ್ನುತ್ತಾಳೆ ನಮ್ಮವ್ವ.

ಈ ಕೆಲಸಕ್ಕೊಂದು ಕಟ್ಟುನಿಟ್ಟು ಉಂಟು. ಅಂಥ ಸಾವು ನಡೆದಿದ್ದರೆ ನಕ್ಷೆಯಲ್ಲಿ ಎಲ್ಲಿ ಚುಕ್ಕೆಯಾಗಿ ಕಾಣಬೇಕೋ ಅದರ ಸುತ್ತ ಮೊದಲೇ ಗೆರೆ ಎಳೆದು, ಅಲ್ಲಿನ ಚುಕ್ಕೆಗಳನ್ನು ನೋಡದೆ ಮುಚ್ಚಿಡಬೇಕು. ತೆರೆದ ಮೇಲೆ ಗೆರೆ ಮುಟ್ಟುವಂತಿಲ್ಲ.

ರಮಜಾನಿನ ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ತೆರೆದೆ. ಗೆರೆಯೊಳಗೆ ಏನೂ ಇರಲಿಲ್ಲ. ಹೊರಗೆ, ಕೂದಲೆಳೆಯಷ್ಟು ದೂರದಲ್ಲಿ, ಒಂದೇ ಒಂದು ಚುಕ್ಕೆ. ಗೆರೆ ತುಸು ಸರಿದರೆ ಚುಕ್ಕೆ ಒಳಗೆ, ನನ್ನ ಹೆಸರು ಲೋಕಕ್ಕೆಲ್ಲ. ನೆಲ ಡೊಂಕು ಎನ್ನಲು ನನಗೂ ಬರುತ್ತದೆ: ಗೆರೆ ಎಳೆಯುವಾಗಲೇ ತಪ್ಪಾಗಿತ್ತೆಂದು ನಮ್ಮ ಸಂಶೋಧಕರ ತಂಡಕ್ಕೆ ಪತ್ರ ಬರೆಯತೊಡಗಿದೆ.

ಪತ್ರ ಅರ್ಧವಾಗುವಷ್ಟರಲ್ಲಿ ಹೊತ್ತು ಮುಳುಗಿತು; ಮನೆ ಮಾಲೀಕ ಯೂಸುಫ ಚಾಚಾ ಮೆಟ್ಟಿಲು ಹತ್ತಿ ಬಂದರು. ನಲವತ್ತು ವರ್ಷದಿಂದ ಈ ಮಾಳಿಗೆಯಿಂದಲೇ ಈದಿನ ಚಂದ್ರನನ್ನು ನೋಡಿ ಕಮಿಟಿಗೆ ಸಾಕ್ಷಿ ಹೇಳುವವರು ಅವರು. ನಾನೂ ಜೊತೆಗೆ ನಿಂತೆ. ಪಡುವಣದಲ್ಲಿ ತೆಳು ಮೋಡವಿತ್ತು. ಓಣಿಯವರೆಲ್ಲ ಕತ್ತೆತ್ತಿ ಕಾಯುತ್ತಿದ್ದರು. ಅವರ ಮನೆಯಾಕೆ ಕರೀಮುನ್ನಿಸಾ ಚಾಚಿ ಆಗಲೇ ಶಾವಿಗೆ ಹುರಿದಿಟ್ಟಿದ್ದರು.

"ಚಾಚಾ, ಅಲ್ಲಿ ನೋಡ್ರಿ, ಬೆಳ್ಳಗ ಒಂದು ಎಳಿ."

ಅವರು ಬಹಳ ಹೊತ್ತು ನೋಡಿದರು. "ನನಗೂ ಹಂಗ ಅನಸ್ತೈತಿ ಬೇಟಿ. ಅನಸೋದು ಬ್ಯಾರೆ, ಕಾಣೋದು ಬ್ಯಾರೆ. ಹರೇದಾಗ ಒಮ್ಮೆ ಮೋಡದ ಅಂಚು ನೋಡಿ ಚಂದ್ರ ಅಂದಿದ್ದೆ. ನನ್ನ ಮಾತು ನಂಬಿ ಇಡೀ ಓಣಿ ಒಂದು ರೋಜಾ, ಒಂದು ದಿನದ ಉಪವಾಸ, ಕಳಕೊಂಡ್ತು."

ಆಮೇಲೆ ಫೋನ್ ಹಚ್ಚಿ, "ಅನಗೋಳದಾಗ ಕಾಣಲಿಲ್ರಿ," ಎಂದರು. ಓಣಿಯಲ್ಲಿ ನಿಟ್ಟುಸಿರೆದ್ದಿತು.

"ಬ್ಯಾಸರ ಆಗೂದಿಲ್ರೇನು?"

"ಯಾಕ? ಕಾಣಲಿಲ್ಲ ಅನ್ನೋದೂ ಸಾಕ್ಷೀನ. ನಮಗ ಬೇಕಂತ ಅಂವ ಇವತ್ತ ಬರಬೇಕೇನು?"

ಒಳಗೆ ಬಂದು ಪತ್ರ ಅಳಿಸಿದೆ. ಚುಕ್ಕೆಯನ್ನು ಇದ್ದಲ್ಲೇ ಬಿಟ್ಟೆ. ಗೆರೆಯೊಳಗೆ ಸೊನ್ನೆ ಎಂದು ಬರೆದೆ. ಯಾರೂ ಕಾಯದ ಕಡೆ, ಯಾರೂ ಕೇಳದಿದ್ದರೂ, ಅಷ್ಟು ಕೋಟಿ ಕಣಗಳಲ್ಲಿ ಒಂದೂ ಕೊಟ್ಟ ಮಾತು ಮುರಿದಂತೆ ಕಾಣಲಿಲ್ಲ. ಇಷ್ಟು ದೊಡ್ಡ ನೇಮವನ್ನು ಇಷ್ಟು ಹತ್ತಿರದಿಂದ ನೋಡಿದೆನಲ್ಲ ಎಂದು ಮೈ ಜುಮ್ಮೆಂದಿತು, ಕಣ್ಣು ತುಂಬಿತು. ನಾನೋ, ನಾನೇ ಎಳೆದ ಗೆರೆಯನ್ನು ಮುರಿಯಹೊರಟಿದ್ದೆ.

ಕೆಳಗೆ ಚಾಚಿ ಹುರಿದ ಶಾವಿಗೆಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ ಸದ್ದಾಯಿತು.