ಸ್ಟೇರಿಂಗ್ ಕೊಡ್ತಾರಾ, ಕೇಳು

ಕಾಮಗೆರೆಯ ಶಾಂತರಾಜುಗೆ ಸ್ವಂತ ಗೂಡ್ಸ್ ಆಟೋ ಇದೆ, ಹೆವಿ ಲೈಸೆನ್ಸ್ ಇದೆ. ಇಲ್ಲದ್ದು ಹೆಸರು ಮಾತ್ರ. ಊರವರೆಲ್ಲ 'ಪೈಲಟ್ ಕೋಮಲಳ ಅಣ್ಣ' ಅಂತಲೇ ಕರೀತಾರೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ದುಡಿದ ಅವನಿಗೆ ಲೈಸೆನ್ಸ್ ಬಂದ ದಿನ ಒಂದು ಲೋಟ ಟೀ ಕೊಡಿಸಿದವರಿಲ್ಲ. ತಂಗಿಗೆ ವಿಮಾನದ ಲೈಸೆನ್ಸ್ ಬಂದಾಗ ಬಸ್ ಸ್ಟ್ಯಾಂಡಲ್ಲಿ ಬ್ಯಾನರ್ ಕಟ್ಟಿದರು. ಅದನ್ನು ಕಟ್ಟೋಕೆ ಏಣಿ ತಂದುಕೊಟ್ಟವನು ಇವನೇ!

ಆದರೆ ವರ್ಷ ಕಳೆದರೂ ಕೋಮಲಗೆ ಕೆಲಸ ಸಿಗಲಿಲ್ಲ. ದೊಡ್ಡ ಕಂಪನಿಗಳು ಕೇಳಿದ್ದು ಒಂದೇ: 'ಎಷ್ಟು ಗಂಟೆ ಹಾರಿಸಿದ್ದೀಯ?' ಕೊನೆಗೆ ಒಂದು ಸಣ್ಣ ವಿಮಾನ ಕಂಪನಿಯಿಂದ ಕೆಲಸಕ್ಕೆ ಕರೆದು ಕಾಗದ ಬಂತು. ತಿಂಗಳಿಗೆ ಇಪ್ಪತ್ತೈದು ಸಾವಿರ. ಸಂಜೆಯೊಳಗೆ ಉತ್ತರ ಹೇಳಬೇಕು.

ಶಾಂತರಾಜುವಿನ ಹೊಟ್ಟೆಗೆ ಹಾಲು ಹುಯ್ದಂಗಾಯ್ತು.

"ಕೇಳ್ದಾ ಅವ್ವಾ? ನನ್ನ ಆಟೋನೇ ಇದ್ಕಿಂತ ಜಾಸ್ತಿ ದುಡೀತದೆ. ಇವ್ಳನ್ನ ಕೂಲಿಗ್ ಕರೀತಾವ್ರೆ! ಒಪ್ಕಂಡ್ರೆ ಊರೋರು ನಗ್ತಾರೆ. ದೊಡ್ಡ ಕಂಪನಿ ಕರೆಯೋಗಂಟ ಮನೇಲಿರ್ಲಿ."

ತಾಯಿ ಪುಟ್ಟಬಸಮ್ಮ ಹೆದರಿ ಮಗಳಿಗೆ ಹೇಳಿದರು: "ಬ್ಯಾಡ ಅಂದ್ಬುಡು ಮಗಾ."

"ಮನೇಲ್ ಕುಂತ್ರೆ ಕಲ್ತದ್ದೂ ಮರ್ತೋಯ್ತದೆ ಕಣವ್ವ," ಅಂದಳು ಕೋಮಲ. "ಆಮ್ಯಾಕೆ ಯಾರೂ ಕರ್ಯಲ್ಲ."

"ನಿನ್ನ ಲೈಸೆನ್ಸ್‌ನ ಉಪ್ಪಿನಕಾಯ್ ಹಾಕಂಡ್ ನೆಕ್ಕು, ಓಗಮ್ಮಿ!" ಅಂದ ಶಾಂತರಾಜು.

ರಾಗಿ ಮೂಟೆ ಸಾಗಿಸಲು ಆಟೋ ಕೇಳೋಕೆ ಬಂದ ಮಾದಣ್ಣ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಶಾಂತರಾಜುಗೆ ಲಾರಿ ಕಲಿಸಿದವನು ಅವನೇ.

"ಲೇ ರಾಜು, ನನ್ನ ಲಾರೀಲಿ ಎರಡ್ ವರ್ಸ ಕ್ಲೀನರಾಗಿದ್ದೆ. ಏನ್ ಕೊಡ್ತಿದ್ದೆ ನಾನು?"

"ಊಟ. ಬೀಡಿ..."

"ಬೀಡಿ ನೀನೇ ಕದೀತಿದ್ದೆ ಕಣ್ಲಾ! ಅದ್ಕೂ ಮುಂಚೆ ಕೊಳ್ಳೇಗಾಲದ ಓನರು ಒಳ್ಳೆ ಸಂಬ್ಳ ಕೊಡ್ತಿದ್ದ. ಯಾಕ್ ಬಿಟ್ಬಂದೆ?"

ಶಾಂತರಾಜು ತಲೆ ತಗ್ಗಿಸಿದ. "ವರ್ಸೆಲ್ಲ ಲಾರಿ ತೊಳಿಸ್ದ. ಒಂದಿನಾನೂ ಸ್ಟೇರಿಂಗ್ ಕೊಡ್ನಿಲ್ಲ. ನೀನು ಘಾಟಲ್ಲಿ ಲಾರಿ ಜಾರ್ದಂಗೆ ಟೈರ್‌ಗೆ ಕಲ್ ಕೊಡಿಸ್ದೆ. ಆದ್ರೆ ಖಾಲಿ ಗಾಡಿ ವಾಪಸ್ ಬರುವಾಗ ಹನೂರಿಂದ ಸ್ಟೇರಿಂಗ್ ಕೊಡ್ತಿದ್ದೆ ಕಣಣ್ಣ."

"ಅಂಗಾದ್ರೆ ಇವ್ಳಿಗೂ ಸ್ಟೇರಿಂಗ್ ಕೊಡ್ತಾರಾ? ಆ ಕಾಗ್ದ ಓದವ್ವ ಮೊದ್ಲು."

ಕೋಮಲ ಓದಿ ಹೇಳಿದಳು. ತಿಂಗಳಿಗೆ ಐವತ್ತು ಗಂಟೆ ಹಾರಾಟ, ಎಲ್ಲಾ ಲಾಗ್‌ಬುಕ್ಕಿಗೆ, ಅಂದ್ರೆ ದೊಡ್ಡ ಕಂಪನಿಗಳು ಕೇಳೋ ಗಂಟೆ ಲೆಕ್ಕದ ಪುಸ್ತಕಕ್ಕೆ, ಬರೀತಾರೆ. ಇರೋಕೆ ರೂಮು ಅವರದೇ. ಡೆಪಾಸಿಟ್ ಇಲ್ಲ, ಅಸಲಿ ಸರ್ಟಿಫಿಕೇಟು ಇಟ್ಕೊಳ್ಳಲ್ಲ.

"ಎಷ್ಟು ವರ್ಷ ಕೆಲಸ ಬಿಡಂಗಿಲ್ಲ ಅನ್ನೋದು ಮಾತ್ರ ಬರೆದಿಲ್ಲ."

"ಬಾಯಿಲ್ವಾ? ಕೇಳು!" ಅಂದ ಮಾದಣ್ಣ.

ಕೋಮಲ ಫೋನ್ ಮಾಡಿದಳು. ಒಂದೇ ವರ್ಷ ಅಂದರು. "ಬರೆದು ಕಳಿಸಿ ಸಾರ್," ಅಂದಳು. ಗಂಟೆಯೊಳಗೆ ಬಂತು.

ಪುಟ್ಟಬಸಮ್ಮ ಮಗನ ಮುಖ ನೋಡಿದರು. ಅವನು ಗೋಡೆ ನೋಡುತ್ತಾ ಹೇಳಿದ: "ನೀನ್ ಮೇಲಕ್ ಹೋದ್ರೆ ನಾನ್ ಇಲ್ಲೇ ಉಳ್ಕತೀನಿ ಅಂತ ಒಟ್ಟೆ ಉರೀತಿತ್ತು ಕಣಮ್ಮಿ. ಈಗ್ಲೂ ಉರೀತದೆ. ಉರ್ಕಳ್ಳಿ. ನೀನು ಒಪ್ಕೊ."

"ಊ ಅನ್ನು ಮಗಾ," ಅಂದರು ತಾಯಿ. ಕೋಮಲ ಒಪ್ಪಿಗೆ ಕಳಿಸಿದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹೊಸ ಪೈಲಟ್ ಇದ್ದರೆ, ಸಂಬಳ ಕಮ್ಮಿ ಅಂತ ಬಂದ ಕೆಲಸ ಒದೀಬೇಡಿ. ಹಾರಿಸೋಕೆ ಕೊಡ್ತಾರಾ, ಅದನ್ನು ಬರೆದು ಕೊಡ್ತಾರಾ, ಕೇಳಿ. ಕೆಲಸ ಕೊಡೋಕೆ ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ, ಹಾರಿಸದೆ ಬರೀ ಕುರ್ಚಿ ಮೇಲೆ ಕೂರಿಸಿದರೆ, ಎದ್ದು ಬನ್ನಿ. ಇನ್ನೊಬ್ಬರ ಮಕ್ಕಳಿಗೆ 'ಬೇಡ' ಅನ್ನೋ ಮುಂಚೆ ನಿಮ್ಮ ಹೊಟ್ಟೆ ಮುಟ್ಟಿ ನೋಡ್ಕೊಳ್ಳಿ. ಹೇಳ್ತಿರೋದು ಬುದ್ಧೀನಾ, ಕಿಚ್ಚಾ?